ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್ ಮನೇಲೇ ಬದಲಾಯಿಸೋದು ಹೇಗೆ? (ಕ್ರೆಟಾ 1.6 ಪೆಟ್ರೋಲ್, ತುಮಕೂರು)

ಕ್ಯಾತ್ಸಂದ್ರ_ಕ್ರೆಟಾ:

ಎಲ್ಲರಿಗೂ ನಮಸ್ಕಾರ. ಗಾಡಿ 2017ರ ಕ್ರೆಟಾ 1.6 ಪೆಟ್ರೋಲ್ ಆಟೋಮ್ಯಾಟಿಕ್, 92,000 ಕಿ.ಮೀ. ಓಡಿದೆ. ಗೇರ್‌ಬಾಕ್ಸ್ ಆಯಿಲ್ ಇದುವರೆಗೆ ಬದಲಾಯಿಸಿಲ್ಲ. ವಾರಕ್ಕೆ ಐದು ದಿನ ತುಮಕೂರಿಂದ ನೆಲಮಂಗಲದವರೆಗೆ ಹೋಗಿ ಬರೋದು, ಆಗಾಗ ದೇವರಾಯನದುರ್ಗದ ಘಾಟಿ. ಬೆಳಗ್ಗೆ ಮೊದಲ ಸಲ ಪಿ-ಯಿಂದ ಡಿ-ಗೆ ಹಾಕಿದಾಗ ಒಂದು ಸೆಕೆಂಡ್ ತಡವಾಗಿ ಕಚ್ಚುತ್ತೆ. ಬಿಸಿಯಾದ ಮೇಲೆ ಏನೂ ತೊಂದರೆ ಇಲ್ಲ.

ಒಂದು ಕಡೆ ಕೇಳಿದ್ರೆ ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ ಅಂದ್ರು. ಇನ್ನೊಂದು ಕಡೆ ಮೆಷಿನ್ ಹಾಕಿ ಫ್ಲಶ್ ಮಾಡ್ತೀವಿ ಅಂದ್ರು. ನಾನೇ ಮಾಡೋಣ ಅಂತಿದ್ದೀನಿ. ಆಯಿಲ್ ಅಳೆಯೋ ಕಡ್ಡಿ, ಅದೇ ಡಿಪ್‌ಸ್ಟಿಕ್, ಎಲ್ಲೂ ಕಾಣಲ್ಲ. ನಾಲ್ಕು ಲೀಟರ್ ಆಯಿಲ್ ಸಾಕಾ? ಫಿಲ್ಟರ್ ಎಲ್ಲಿದೆ? ಮನೆಯಲ್ಲಿ ಸಮತಟ್ಟಾದ ಸಿಮೆಂಟ್ ನೆಲ, ಒಂದು ಟ್ರಾಲಿ ಜ್ಯಾಕ್, ಎರಡು ಸ್ಟ್ಯಾಂಡ್ ಇದೆ.

ಕೋಲಾರ_ಗ್ಯಾರೇಜ್:

ವಿವರಕ್ಕೆ ಹೋಗೋ ಮುಂಚೆ ಓದೋ ಬೇರೆಯವರಿಗೆ ಒಂದು ಮಾತು. ಎರಡೇ ಪೆಡಲ್ ಇದೆ ಅಂದ ಮಾತ್ರಕ್ಕೆ ಎಲ್ಲ ಗಾಡಿಗೂ ಒಂದೇ ಆಯಿಲ್ ಅಲ್ಲ. ಕ್ಯಾತ್ಸಂದ್ರದವರದು ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಇರೋ ಆರು ಸ್ಪೀಡ್. 2020ರ ನಂತರದ, ಟರ್ಬೊ ಇಲ್ಲದ ಕ್ರೆಟಾ 1.5 ಪೆಟ್ರೋಲಿನದು ಐವಿಟಿ, ಅಂದ್ರೆ ಬೆಲ್ಟ್ ಮೇಲೆ ಓಡೋ ಸಿವಿಟಿ. ಅದಕ್ಕೆ ಎಸ್‌ಪಿ-ಸಿವಿಟಿ1 ಅನ್ನೋ ಬೇರೆ ಆಯಿಲ್. ಮಾರುತಿ ಎಜಿಎಸ್ ಅಂದ್ರೆ ಮಾಮೂಲಿ ಗೇರ್‌ಬಾಕ್ಸಿಗೆ ಕ್ಲಚ್ ಒತ್ತೋ, ಗೇರ್ ಹಾಕೋ ಹೈಡ್ರಾಲಿಕ್ ಯಂತ್ರ ಕೂರಿಸಿರೋದು. ಅದರಲ್ಲಿ ಇರೋದು ಗೇರ್ ಆಯಿಲ್, ಮೇಲಿನ ಯಂತ್ರಕ್ಕೆ ಪ್ರತ್ಯೇಕ ಫ್ಲೂಯಿಡ್. ಸಿವಿಟಿಗೆ ಎಟಿಎಫ್ (ಮಾಮೂಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿದ್ರೆ ಬೆಲ್ಟ್ ಪುಲ್ಲಿ ಮೇಲೆ ಹಿಡಿತ ತಪ್ಪಿ ಜಾರುತ್ತೆ, ಪುಲ್ಲಿ ಗೀರುತ್ತೆ. ಆಮೇಲೆ ಸರಿಯಾದ ಆಯಿಲ್ ಹಾಕಿದ್ರೂ ಆ ಗೀರು ಹೋಗಲ್ಲ.

ಸಿರಾಗೇಟ್_ಸ್ಪ್ಯಾನರ್:

ಮೊದಲು ಫಿಲ್ಟರ್ ವಿಚಾರ ಮುಗಿಸೋಣ. ನಿಮ್ಮ ಗಾಡಿಗೆ ಅದನ್ನ ಮನೇಲಿ ಬದಲಾಯಿಸೋಕ್ಕಾಗಲ್ಲ. ಈ ಬಾಕ್ಸಿನ ತಳದಲ್ಲಿ ಬಿಚ್ಚೋ ಚೇಂಬರೇ (ಆಯಿಲ್ ನಿಲ್ಲೋ ತಟ್ಟೆ) ಇಲ್ಲ. ಫಿಲ್ಟರ್ ಕೇಸಿನ ಒಳಗಿದೆ, ಗೇರ್‌ಬಾಕ್ಸ್ ಇಳಿಸಿ ಕೇಸ್ ಬೇರೆ ಮಾಡಿದ್ರೆ ಮಾತ್ರ ಕೈಗೆ ಸಿಗುತ್ತೆ. ಯಾರಾದ್ರೂ ಇದಕ್ಕೆ ಫಿಲ್ಟರ್ ಹಾಕಿ ಕೊಡ್ತೀನಿ ಅಂತ ಅರ್ಧ ಗಂಟೆ ಕೆಲಸಕ್ಕೆ ದುಡ್ಡು ಕೇಳಿದ್ರೆ ಯಾವ ಫಿಲ್ಟರ್ ಅಂತ ತೋರಿಸೋಕ್ಕೆ ಹೇಳಿ. ನೀವು ಮಾಡಬಹುದಾದ್ದು ಆಯಿಲ್ ಬದಲಾವಣೆ. ಸರಿಯಾಗಿ ಮಾಡಿದ್ರೆ ಅಷ್ಟೇ ಸಾಕು.

ಲೈಫ್‌ಟೈಮ್ ಅನ್ನೋ ಮಾತು ಬಂದಿರೋದು ಮ್ಯಾನುಯಲ್‌ನಲ್ಲಿರೋ ಸಾಧಾರಣ ಬಳಕೆಯ ಪಟ್ಟಿಯಿಂದ. ಅದರ ಪಕ್ಕದಲ್ಲೇ ಕಠಿಣ ಬಳಕೆಯ ಪಟ್ಟಿ ಇನ್ನೊಂದು ಇರುತ್ತೆ, ಬಿಸಿಲಲ್ಲಿ ದಟ್ಟ ಟ್ರಾಫಿಕ್, ಬೆಟ್ಟದ ರಸ್ತೆ ಎಲ್ಲ ಅದರಲ್ಲೇ ಬರೋದು. ನೆಲಮಂಗಲದ ಟ್ರಾಫಿಕ್ಕು, ದೇವರಾಯನದುರ್ಗದ ಏರು ಎರಡೂ ನಿಮ್ಮ ಗಾಡಿಗೆ ಇದೆ. ನನ್ನ ಪ್ರಕಾರ ಇಂಥ ಓಡಾಟಕ್ಕೆ 60,000ಕ್ಕೇ ಒಂದು ಸಲ ಆಗಬೇಕಿತ್ತು.

ಆಯಿಲ್ ಎಸ್‌ಪಿ-4. ಡಬ್ಬದ ಮೇಲೆ ರೋಮನ್ ಅಂಕಿಯಲ್ಲಿ ಬರೆದಿರುತ್ತೆ, ಮೂರು ಗೆರೆ ಇದ್ರೆ ಅದು ಎಸ್‌ಪಿ-3, ಹಳೇ ನಾಲ್ಕು ಸ್ಪೀಡಿನದು. ಅಂಗಡಿಯವರು ಆತುರದಲ್ಲಿ ಅದನ್ನೇ ತೆಗೆದು ಕೊಡಬಹುದು, ಬಿಲ್ ಹಾಕಿಸೋ ಮುಂಚೆ ಓದಿ. ಕೆಂಪಗಿದೆ ಅಂದ ಮಾತ್ರಕ್ಕೆ ಸರಿಯಾದ ಆಯಿಲ್ ಅಲ್ಲ, ಆ ಕೆಂಪು ಬರೀ ಬಣ್ಣ. ಬೇರೆ ಕಂಪನಿಯ ಆಯಿಲ್ ಹಾಕೋದಾದ್ರೆ ಲೇಬಲ್ ಮೇಲೆ ಎಸ್‌ಪಿ-4 ಅಂತ ಅಚ್ಚಾಗಿರಲೇಬೇಕು. ಎಲ್ಲ ಗಾಡಿಗೂ ಆಗುತ್ತೆ ಅನ್ನೋ ಬಾಯಿಮಾತು ಸಾಲದು.

ನಾಲ್ಕು ಲೀಟರ್ ಸಾಲಲ್ಲ, ಒಂದು ಸಲಕ್ಕೆ ಐದು ತಗೊಳ್ಳಿ. ಬಾಕ್ಸಿನ ಒಟ್ಟು ಅಳತೆ ಏಳು ಲೀಟರಿಗೆ ಸ್ವಲ್ಪ ಮೇಲೆ. ಡ್ರೈನ್ ಬಿಚ್ಚಿದ್ರೆ ಬರೋದು ಸುಮಾರು ಅರ್ಧ, ಮೂರೂವರೆಯಿಂದ ನಾಲ್ಕು ಲೀಟರ್. ಉಳಿದದ್ದು ಟಾರ್ಕ್ ಕನ್ವರ್ಟರ್, ವಾಲ್ವ್ ಬಾಡಿ (ಗೇರ್ ಹಾಕೋಕ್ಕೆ ಆಯಿಲನ್ನ ಬೇಕಾದ ಕಡೆ ಹರಿಸೋ ಭಾಗ), ಕೂಲರ್ ಪೈಪಲ್ಲೇ ನಿಂತಿರುತ್ತೆ. ಎಷ್ಟು ಬಂತೋ ಅಷ್ಟನ್ನ ವಾಪಸ್ ಹಾಕಿ, ಮೇಲೆ 700 ಮಿಲಿ ಹೆಚ್ಚಿಗೆ ಹಾಕಬೇಕು, ಲೆವೆಲ್ ನೋಡುವಾಗ ಆ ಹೆಚ್ಚಿನದು ಹೊರಗೆ ಬರಬೇಕು. ಅದಕ್ಕೇ ಐದು ಅಂದಿದ್ದು.

ಈಗ ಕೆಲಸ. ಗಾಡಿನ ಐದು ನಿಮಿಷ ಓಡಿಸಿ ತಂದು ನಿಲ್ಲಿಸಿ. ಆಯಿಲ್ ಬೆಚ್ಚಗಿದ್ರೆ ಚೆನ್ನಾಗಿ ಇಳಿಯುತ್ತೆ. ಊರೆಲ್ಲ ಸುತ್ತಿ ಬಂದು ಕುದಿಯೋ ಆಯಿಲ್ ಮೇಲೆ ಕೈ ಹಾಕಬೇಡಿ, ಪಕ್ಕದಲ್ಲೇ ಸೈಲೆನ್ಸರ್ ಪೈಪೂ ಇರುತ್ತೆ. ಕೆಳಗಿನ ಪ್ಲಾಸ್ಟಿಕ್ ಶೀಲ್ಡ್, ಮೇಲಿನ ಏರ್ ಫಿಲ್ಟರ್ ಬಾಕ್ಸ್ ಎರಡನ್ನೂ ತೆಗೀರಿ. ಆಯಿಲ್ ಹಾಕೋ ಪ್ಲಗ್ ಏರ್ ಫಿಲ್ಟರ್ ಬಾಕ್ಸಿನ ಕೆಳಗೆ, ಗೇರ್‌ಬಾಕ್ಸಿನ ನೆತ್ತಿ ಮೇಲಿದೆ. ಸುತ್ತ ಇರೋ ಮಣ್ಣನ್ನ ಬ್ರಷ್ಷಲ್ಲಿ ಉಜ್ಜಿ ಬಟ್ಟೆಯಲ್ಲಿ ಒರೆಸಿ ಆಮೇಲೆ ಬಿಚ್ಚಿ. ನಮ್ಮ ಕಡೆ ಕೆಮ್ಮಣ್ಣಿನ ಧೂಳು, ಒಂದು ಚಿಟಿಕೆ ಒಳಗೆ ಬಿದ್ರೂ ವಾಲ್ವ್ ಬಾಡಿಗೆ ಒಳ್ಳೇದಲ್ಲ.

ಮೇಲಿನ ಪ್ಲಗ್ ಸಡಿಲ ಆಗುತ್ತೆ ಅಂತ ಖಾತ್ರಿ ಆಗೋವರೆಗೆ ಕೆಳಗಿನ ಡ್ರೈನ್ ಮುಟ್ಟಬೇಡಿ. ಕೆಳಗಿಂದ ಖಾಲಿ ಮಾಡಿ ಮೇಲಿನದು ಬರದೇ ಹೋದ್ರೆ ಗಾಡಿ ನಿಂತಲ್ಲೇ ನಿಲ್ಲುತ್ತೆ.

ಡ್ರೈನ್ ಯಾವುದು ಅಂತ ಎರಡು ಸಲ ನೋಡಿ. ಇಂಜಿನ್ ಆಯಿಲ್ ಪ್ಲಗ್ ಬಿಚ್ಚಿಬಿಡೋದು ಇಲ್ಲಿ ತುಂಬ ಸಾಮಾನ್ಯವಾದ ತಪ್ಪು. ಹಾಗೆ ಮಾಡಿ ಗೇರ್‌ಬಾಕ್ಸಿಗೆ ಮೇಲಿಂದ ನಾಲ್ಕು ಲೀಟರ್ ಸುರಿದ್ರೆ ಒಂದೇ ಸಲಕ್ಕೆ ಎರಡೂ ಕೆಡುತ್ತೆ: ಇಂಜಿನ್ ಖಾಲಿ, ಗೇರ್‌ಬಾಕ್ಸ್ ತುಂಬಿ ತುಳುಕುತ್ತೆ. ಇನ್ನೊಂದು ಪ್ಲಗ್ ಇದೆ, ಅದು ಲೆವೆಲ್ ನೋಡೋದಕ್ಕೆ, ಡ್ರೈನ್ ಅಲ್ಲ. ಸಾಕೆಟ್ ಆರು ಮೂಲೆಯದು ಬಳಸಿ, ಮೊದಲೇ ಹಿಡಿದು ನೋಡಿ ಸರಿಯಾದ ಸೈಜ್ ಇಟ್ಕೊಳ್ಳಿ. ಹನ್ನೆರಡು ಮೂಲೆಯದು ಬಿಗಿ ಪ್ಲಗ್ಗಿನ ತಲೆ ಸವೆಸುತ್ತೆ.

ಇಳಿದ ಆಯಿಲನ್ನ ಗೆರೆ ಹಾಕಿದ ಜಗ್ಗಲ್ಲಿ ಅಳೀರಿ. ಬೆಚ್ಚಗಿದ್ದಾಗ ಅಳೀಬೇಡಿ, ಹೊಸ ಆಯಿಲ್ ಡಬ್ಬದಷ್ಟೇ ತಣ್ಣಗಾಗಲಿ. ಎಟಿಎಫ್ ಬಿಸಿಗೆ ಚೆನ್ನಾಗಿ ಹಿಗ್ಗುತ್ತೆ. ಏಳು ಲೀಟರ್ ಆಯಿಲ್ 40 ಡಿಗ್ರಿ ಏರಿದ್ರೆ ಸುಮಾರು 200 ಮಿಲಿ ಹೆಚ್ಚಾಗುತ್ತೆ. ಡಿಪ್‌ಸ್ಟಿಕ್ ಇಲ್ಲದ ಬಾಕ್ಸಲ್ಲಿ ಲೆವೆಲನ್ನ ಉಷ್ಣತೆ ನೋಡಿಯೇ ಹಿಡಿಯೋದು ಇದೇ ಕಾರಣಕ್ಕೆ.

ಅಳೆಯುವಾಗಲೇ ಹಳೇ ಆಯಿಲ್ ಪರೀಕ್ಷೆ ಮಾಡಿ. ಬಿಳಿ ಬಟ್ಟೆ ಮೇಲೆ ಎರಡು ಹನಿ ಹಾಕಿ. ಕಂದು ಕೆಂಪು ಇದ್ರೆ ವಯಸ್ಸಾಗಿದೆ ಅಷ್ಟೇ. ಕಪ್ಪಾಗಿ, ಒಗ್ಗರಣೆ ಸೀದ ವಾಸನೆ ಬಂದ್ರೆ ಕ್ಲಚ್ ಪ್ಲೇಟ್ ಸುಟ್ಟಿದೆ ಅಂತ ಅರ್ಥ. ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿದ್ರೆ ಕೂಲರ್ ಒಡೆದು ಕೂಲೆಂಟ್ ಸೇರ್ಕೊಂಡಿದೆ. ಆಗ ಆಯಿಲ್ ಹಾಕಿ ಓಡಿಸೋದಲ್ಲ, ಗಾಡಿನ ಅಲ್ಲೇ ನಿಲ್ಲಿಸಬೇಕು, ನೀರು ಕ್ಲಚ್ ಪ್ಲೇಟಿನ ಅಂಟು ಬಿಡಿಸಿಬಿಡುತ್ತೆ.

ಹೊಸ ವಾಷರ್ ಹಾಕಿ ಡ್ರೈನ್ ಬಿಗೀರಿ, 35ರಿಂದ 45 ನ್ಯೂಟನ್ ಮೀಟರ್ ಒಳಗೆ. ಕೇಸ್ ಅಲ್ಯೂಮಿನಿಯಂ, ಉದ್ದ ಹಿಡಿಯ ಪಾನಾ ಹಾಕಿ ಮೈಭಾರ ಬಿಟ್ರೆ ಥ್ರೆಡ್ ಹೋಗುತ್ತೆ. ಮೇಲಿಂದ ಉದ್ದ ಪೈಪ್ ಇರೋ ಆಲಿಕೆಯಲ್ಲಿ ನಿಧಾನಕ್ಕೆ ಹಾಕಿ, ಬೇಗ ಸುರಿದ್ರೆ ಗಾಳಿ ಗುಳ್ಳೆ ಎದ್ದು ಮೇಲೇ ಉಕ್ಕುತ್ತೆ. ಪ್ಲಗ್ ಮುಚ್ಚಿ, ಏರ್ ಫಿಲ್ಟರ್ ಬಾಕ್ಸ್ ಕೂರಿಸಿ, ಕಳಚಿದ ವೈರ್ ಇದ್ರೆ ವಾಪಸ್ ಚುಚ್ಚಿ, ಆಮೇಲೆ ಸ್ಟಾರ್ಟ್ ಮಾಡಿ. ಬ್ರೇಕ್ ಒತ್ತಿಟ್ಕೊಂಡು ಪಿ-ಯಿಂದ ಡಿ-ವರೆಗೆ, ಡಿ-ಯಿಂದ ಪಿ-ವರೆಗೆ ಒಂದೊಂದರಲ್ಲೂ ಎರಡು ಸೆಕೆಂಡ್ ನಿಲ್ಲಿಸ್ತಾ ಎರಡು ಸುತ್ತು ಲಿವರ್ ಆಡಿಸಿ. ಆಯಿಲ್ 50–60 ಡಿಗ್ರಿಗೆ ಬರಲಿ. ಲಿವರ್ ಪಿ-ಯಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಒತ್ತದೆ ಇಂಜಿನ್ ಐಡಲ್‌ನಲ್ಲಿ ಓಡ್ತಾ ಇರುವಾಗಲೇ ಲೆವೆಲ್ ಪ್ಲಗ್ ಬಿಚ್ಚಿ. ಮೊದಲು ಪೆನ್ಸಿಲ್ ದಪ್ಪಕ್ಕೆ ಸುರಿಯುತ್ತೆ, ಆಮೇಲೆ ಊದುಬತ್ತಿ ಕಡ್ಡಿಯಷ್ಟು, ಆಮೇಲೆ ದಾರದ ಎಳೆ. ಎಳೆಗೆ ಬಂದ ತಕ್ಷಣ ಮುಚ್ಚಿ ಬಿಗೀರಿ. ಏನೂ ಬರಲಿಲ್ಲ ಅಂದ್ರೆ ಆಯಿಲ್ ಕಡಿಮೆ ಇದೆ, ಮುಚ್ಚಿ ಇನ್ನರ್ಧ ಲೀಟರ್ ಹಾಕಿ ಮತ್ತೆ ನೋಡಿ.

ಕಡಿಮೆಯಾದ್ರೆ ಪಂಪ್ ಗಾಳಿ ಎಳೆಯುತ್ತೆ, ಪ್ರೆಷರ್ ಬೀಳುತ್ತೆ, ಗೇರ್ ತಡವಾಗಿ ಕಚ್ಚುತ್ತೆ, ಕ್ಲಚ್ ಜಾರಿ ಸುಡುತ್ತೆ. ಹೆಚ್ಚಾದ್ರೆ ತಿರುಗೋ ಗೇರುಗಳು ಆಯಿಲನ್ನ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತೆ, ಅದೂ ಗಾಳಿ ಸೇರಿದ ಆಯಿಲೇ, ಬ್ರೀದರ್‌ನಿಂದ (ಬಾಕ್ಸಿನ ಗಾಳಿ ಹೋಗೋ ತೂತು) ಉಕ್ಕಿ ಹೊರಗೆ ಬರುತ್ತೆ.

ಕ್ಯಾತ್ಸಂದ್ರ_ಕ್ರೆಟಾ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಧನ್ಯವಾದ ಸಾರ್. ಎರಡು ಸಂದೇಹ. ಇಂಜಿನ್ ಓಡ್ತಿರುವಾಗಲೇ ಪ್ಲಗ್ ಬಿಚ್ಚೋದು ಯಾಕೆ, ಆಫ್ ಮಾಡಿ ನೋಡಿದ್ರೆ ಆಗಲ್ವಾ? ಆಯಿಲ್ ಬಿಸಿ ಎಷ್ಟಿದೆ ಅಂತ ತಿಳಿಯೋದು ಹೇಗೆ?

ಸಿರಾಗೇಟ್_ಸ್ಪ್ಯಾನರ್:

ಇಂಜಿನ್ ಓಡ್ತಿದ್ರೆ ಪಂಪ್ ಆಯಿಲನ್ನ ಮೇಲಕ್ಕೆ ಎಳೆದು ಕನ್ವರ್ಟರ್, ಕೂಲರ್ ಎಲ್ಲ ತುಂಬಿ ಇಟ್ಟಿರುತ್ತೆ. ಆಫ್ ಮಾಡಿದ್ರೆ ಪಂಪಿನ ಒತ್ತಡ ನಿಂತು ಮೇಲಿನ ಆಯಿಲ್ ತಳಕ್ಕೆ ಇಳಿಯುತ್ತೆ, ತಳದ ಲೆವೆಲ್ ಏರುತ್ತೆ. ಆಗ ಪ್ಲಗ್ ಬಿಚ್ಚಿದ್ರೆ ಇರಬೇಕಾದ ಆಯಿಲೂ ಹೊರಗೆ ಹೋಗುತ್ತೆ, ನೀವು ಹೆಚ್ಚಾಗಿತ್ತು ಅಂದ್ಕೊಂಡು ಮುಚ್ಚಿಬಿಡ್ತೀರಿ. ಮನೆಯಲ್ಲಿ ಮಾಡೋ ಕೆಲಸ ಸುಲಭವಾಗಿ ಕೆಡೋದು ಇದೇ ಜಾಗದಲ್ಲಿ.

ಬಿಸಿ ನೋಡೋಕ್ಕೆ ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಗಾಡಿಯ ಕಂಪ್ಯೂಟರ್ ಮಾಹಿತಿ ಓದೋ ಜಾಗ) ಚುಚ್ಚೋ ಬ್ಲೂಟೂತ್ ಅಡಾಪ್ಟರ್ ಸಾಕು, ಆದ್ರೆ ಮೊಬೈಲ್ ಆ್ಯಪಲ್ಲಿ ಗೇರ್‌ಬಾಕ್ಸ್ ಆಯಿಲ್ ಉಷ್ಣತೆ ಕಾಣುತ್ತಾ ಅಂತ ಹಿಂದಿನ ದಿನವೇ ನೋಡಿ. ಕೆಲವು ಆ್ಯಪ್ ಬರೀ ಕೂಲೆಂಟ್ ತೋರಿಸುತ್ತೆ, ಎರಡೂ ಬೇರೆ ಬೇರೆ. ಗನ್ ಥರ್ಮಾಮೀಟರ್ ಇದ್ರೆ ಡ್ರೈನ್ ಪ್ಲಗ್ ಪಕ್ಕದ ಕೇಸಿಗೆ ಹಿಡೀರಿ, ಮೇಲ್ಮೈ ಬಿಸಿ ಒಳಗಿನ ಆಯಿಲಿಗಿಂತ ಕಡಿಮೆ ತೋರಿಸುತ್ತೆ ಅನ್ನೋದು ನೆನಪಿರಲಿ. ಏಪ್ರಿಲ್ ಮಧ್ಯಾಹ್ನ ಮಾಡಬೇಡಿ. ನಿಂತಲ್ಲೇ ಬಿಸಿ ಬೇಗ ಏರಿ 60 ದಾಟಿಬಿಡುತ್ತೆ, ಮತ್ತೆ ಆರೋವರೆಗೆ ಕಾಯಬೇಕು. ಬೆಳಗ್ಗೆ ಒಳ್ಳೇದು.

ಇನ್ನೊಂದು ಮುಖ್ಯ. ನಿಮ್ಮ ಹತ್ರ ಎರಡೇ ಸ್ಟ್ಯಾಂಡ್ ಇರೋದು. ಮುಂದೆ ಮಾತ್ರ ಎತ್ತಿದ್ರೆ ಆಯಿಲ್ ಹಿಂದಕ್ಕೆ ಸರಿಯುತ್ತೆ, ಲೆವೆಲ್ ಸುಳ್ಳು ಹೇಳುತ್ತೆ. ನಾಲ್ಕೂ ಚಕ್ರ ಸಮ ಇರಬೇಕು. ಡ್ರೈನ್ ಮಾತ್ರ ಹಾಗೆ ಮಾಡಬಹುದು, ಲೆವೆಲ್ ಮಾತ್ರ ಬೇಡ. ಜ್ಯಾಕ್ ಒಂದರ ಮೇಲೆ ನಂಬಿ ಯಾವ ಕಾರಣಕ್ಕೂ ಕೆಳಗೆ ತೂರಬೇಡಿ. ಜ್ಯಾಕಿನ ಸೀಲ್ ಬಿಟ್ಕೊಂಡ್ರೆ ತಪ್ಪಿಸ್ಕೊಳ್ಳೋಕೆ ಸಮಯ ಸಿಗಲ್ಲ. ಇನ್ನೆರಡು ಸ್ಟ್ಯಾಂಡ್ ತಗೊಳ್ಳಿ, ಇಲ್ಲಾಂದ್ರೆ ಹತ್ತಿರದ ವಾಟರ್ ಸರ್ವಿಸ್‌ನವರ ಲಿಫ್ಟನ್ನ ಒಂದು ಗಂಟೆ ಕೇಳಿ.

ನಂದಿ_ಕ್ರಾಸ್:

ಚಿಕ್ಕಬಳ್ಳಾಪುರದಿಂದ. ನಮ್ಮದು ಇನ್ನೋವಾ ಕ್ರಿಸ್ಟಾ ಆಟೋಮ್ಯಾಟಿಕ್. ಇದಕ್ಕೆ ತಳದಲ್ಲಿ ಚೇಂಬರ್ ಇದೆ, ಫಿಲ್ಟರ್ ತೆಗೀಬಹುದು ಅಂತ ಕೇಳಿದ್ದೀನಿ. ಮೇಲಿನ ವಿಧಾನವೇ ನಡೆಯುತ್ತಾ?

ಕೋಲಾರ_ಗ್ಯಾರೇಜ್:

ತತ್ವ ಅದೇ, ಆಯಿಲ್ ಬೇರೆ. ಟೊಯೋಟಾ ಡಬ್ಲ್ಯೂಎಸ್ ಹಾಕಬೇಕು. ಲೆವೆಲ್ ನೋಡೋ ಉಷ್ಣತೆಯೂ ಬೇರೆ, ನಿಮ್ಮ ಸರ್ವಿಸ್ ಮ್ಯಾನುಯಲ್‌ನಲ್ಲಿರೋ ಅಂಕಿಯನ್ನೇ ಹಿಡೀರಿ, ಕ್ರೆಟಾದ್ದು ಇಲ್ಲಿಗೆ ಬೇಡ.

ಚೇಂಬರ್ ಇರೋ ಬಾಕ್ಸಲ್ಲಿ ಕೆಲಸ ಹೆಚ್ಚು, ಲಾಭವೂ ಹೆಚ್ಚು, ಒಳಗೆ ಏನಾಗಿದೆ ಅಂತ ಕಣ್ಣಾರೆ ಕಾಣುತ್ತೆ. ಆಯಿಲ್ ಡ್ರೈನ್ ಆದ ಮೇಲೂ ಚೇಂಬರಲ್ಲಿ ಒಂದಷ್ಟು ಉಳಿದಿರುತ್ತೆ. ಸುತ್ತಲಿನ ಬೋಲ್ಟ್ ಎಲ್ಲ ತೆಗೆದು ಒಂದು ಮೂಲೆಯ ಎರಡನ್ನ ಅರ್ಧ ಸಡಿಲ ಬಿಟ್ರೆ ಇನ್ನೊಂದು ಮೂಲೆ ವಾಲಿ ಟ್ರೇಗೆ ಸುರಿಯುತ್ತೆ, ಮುಖದ ಮೇಲೆ ಬೀಳಲ್ಲ. ಅಂಟ್ಕೊಂಡಿದ್ರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಅಂಚು ಬಾಗಿದ್ರೆ ಹೊಸ ಪ್ಯಾಕಿಂಗ್ ಹಾಕಿದ್ರೂ ಸೋರುತ್ತೆ. ಮರದ ತುಂಡು ಇಟ್ಟು ಪಕ್ಕದಿಂದ ತಟ್ಟಿ.

ಚೇಂಬರಿನ ತಳದಲ್ಲಿ ಮ್ಯಾಗ್ನೆಟ್ ಇರುತ್ತೆ. ಅದರ ಮೇಲೆ ಕಾಡಿಗೆ ಹಾಗೆ ನುಣ್ಣಗಿನ ಬೂದು ಕಪ್ಪು ಲೇಪ ಕೂತಿದ್ರೆ ಗಾಬರಿ ಬೇಡ, ಅದು ಮಾಮೂಲಿ ಸವೆತ. ಬೆರಳ ಮಧ್ಯೆ ತಿಕ್ಕಿದಾಗ ಚುಚ್ಚೋ ಚೂರು, ಬೆಳ್ಳಿ ಸಿಪ್ಪೆ ಸಿಕ್ಕಿದ್ರೆ ಬೇರಿಂಗೋ ಗೇರೋ ಹೋಗ್ತಿದೆ. ಮ್ಯಾಗ್ನೆಟ್ ಒರೆಸಿ ಇದ್ದ ಜಾಗಕ್ಕೇ ಕೂರಿಸಿ.

ಫಿಲ್ಟರ್ ತೆಗೆದಾಗ ಅದರ ಓ-ರಿಂಗ್ ಫಿಲ್ಟರ್ ಜೊತೆ ಬಂತಾ, ಮೇಲಿನ ತೂತಲ್ಲೇ ಉಳೀತಾ ಅಂತ ಟಾರ್ಚ್ ಹಿಡಿದು ನೋಡಿ. ಹಳೇದು ಒಳಗೇ ಇದ್ದು ಹೊಸ ರಿಂಗ್ ಇರೋ ಫಿಲ್ಟರ್ ಒತ್ತಿದ್ರೆ ಸರಿಯಾಗಿ ಕೂರಲ್ಲ. ಸಂದಿನಿಂದ ಪಂಪ್ ಗಾಳಿ ಎಳೆಯುತ್ತೆ. ಆಯಿಲ್ ಲೆವೆಲ್ ಸರಿ ಇದ್ರೂ ಬಾಕ್ಸ್ ಕುಂಯ್‌ಗುಡುತ್ತೆ, ಗೇರ್ ಜಾರುತ್ತೆ, ಕಾರಣ ಹುಡುಕೋಕ್ಕೆ ಮತ್ತೆ ಅಷ್ಟೂ ಬಿಚ್ಚಬೇಕು. ಹೊಸ ರಿಂಗಿಗೆ ಎಟಿಎಫ್ ಸವರಿ ಕೈಯಲ್ಲೇ ಒತ್ತಿ ಕೂರಿಸಿ. ಗ್ರೀಸ್ ಬೇಡ.

ಚೇಂಬರ್ ಬೋಲ್ಟ್ ಚಿಕ್ಕವು, ಮಣಿಕಟ್ಟಿನ ಬಲವೇ ಹೆಚ್ಚು. ಎದುರುಬದುರು ಅಡ್ಡಡ್ಡ ಹಾಕ್ತಾ ಎರಡು ಸುತ್ತಲ್ಲಿ ಬಿಗೀರಿ, ಟಾರ್ಕ್ ಅಂಕಿ ಮ್ಯಾನುಯಲ್‌ನಲ್ಲಿ ನೋಡಿ. ಪ್ಯಾಕಿಂಗ್ ಇರೋ ಕಡೆ ಮೇಲಿಂದ ಸಿಲಿಕಾನ್ ಬಳಿಯೋದು ಕೆಟ್ಟ ಅಭ್ಯಾಸ, ಒಳಕ್ಕೆ ಹಿಂಡಿದ ಸಿಲಿಕಾನ್ ಚೂರು ಕಳಚಿ ನೇರ ಹೊಸ ಫಿಲ್ಟರಿಗೇ ಹೋಗಿ ಕೂರುತ್ತೆ. ಒರೆಸೋಕ್ಕೆ ನೂಲು ಬಿಡೋ ಬನಿಯನ್ ಬಟ್ಟೆ, ವೇಸ್ಟ್ ದಾರ ಬೇಡ.

ಕೆಜಿಎಫ್_ರೋಡ್:

ಹಳೇ ಹೋಂಡಾ ಸಿಟಿ ಐದು ಸ್ಪೀಡ್ ಆಟೋಮ್ಯಾಟಿಕ್ ಇರೋರಿಗೆ ಎರಡು ಸಾಲು. ಆಯಿಲ್ ಡಿಡಬ್ಲ್ಯೂ-1, ಒಂದು ಸಲಕ್ಕೆ ಇಳಿಯೋದು ಸುಮಾರು ಎರಡೂವರೆ ಲೀಟರ್. ಡಿಪ್‌ಸ್ಟಿಕ್ ಇದೆ, ಆದ್ರೆ ಇಂಜಿನ್ ಓಡ್ತಿರುವಾಗ ನೋಡಬಾರದು. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲೋವರೆಗೆ ಬಿಸಿ ಮಾಡಿ, ಆಫ್ ಮಾಡಿ, 60ರಿಂದ 90 ಸೆಕೆಂಡ್ ಒಳಗೆ ಎಳೆದು ನೋಡಬೇಕು. ಕ್ರೆಟಾದ್ದಕ್ಕೆ ಪೂರ್ತಿ ಉಲ್ಟಾ. ಒಂದು ಕಂಪನಿಯ ಕ್ರಮವನ್ನ ಇನ್ನೊಂದಕ್ಕೆ ಹಾಕಬೇಡಿ.

ಕ್ಯಾತ್ಸಂದ್ರ_ಕ್ರೆಟಾ:

ಅರ್ಧ ಹಳೇ ಆಯಿಲ್ ಒಳಗೇ ಉಳಿಯುತ್ತಲ್ಲ, ಅದಕ್ಕಿಂತ ಮೆಷಿನ್ ಫ್ಲಶ್ಶೇ ಒಳ್ಳೇದಲ್ವಾ? ಇಳಿಸಿದ ಹಳೇ ಆಯಿಲ್ ಏನು ಮಾಡೋದು?

ಸಿರಾಗೇಟ್_ಸ್ಪ್ಯಾನರ್:

ಒಂದು ಸಲಕ್ಕೆ ಅರ್ಧ ಹೊಸದು. 1,000 ಕಿ.ಮೀ. ಓಡಿಸಿ ಇನ್ನೊಂದು ಸಲ ಮಾಡಿದ್ರೆ ಮುಕ್ಕಾಲು, ಮೂರನೇ ಸಲಕ್ಕೆ 87 ಪರ್ಸೆಂಟ್ ದಾಟುತ್ತೆ. ನಿಮಗೆ ಎರಡು ಸಲ ಸಾಕು. ಎರಡನೇ ಸಲ ಇಳಿಯೋ ಆಯಿಲ್ ಬಣ್ಣವೇ ಹೇಳುತ್ತೆ.

ಮೆಷಿನ್ ತಾನೇ ಕೆಟ್ಟದ್ದಲ್ಲ. ಕೂಲರ್ ಪೈಪಿಗೆ ಜೋಡಿಸಿ ಹಳೇದು ಬಂದಷ್ಟು ಹೊಸದು ಕೊಡೋ ಯಂತ್ರವಾದ್ರೆ ಸರಿ, ಸೀಲ್ ಒಡೆಯದ ಎಸ್‌ಪಿ-4 ಡಬ್ಬ ಎದುರಲ್ಲೇ ಒಡೆದು ಹಾಕೋದಾದ್ರೆ ಮಾಡಿಸಿ. ಡ್ರಮ್ಮಿಂದ ಯಾವುದೋ ಆಯಿಲ್ ಎಳೆಯೋದಾದ್ರೆ, ಮೊದಲು ಕ್ಲೀನರ್ ಕೆಮಿಕಲ್ ಹಾಕ್ತೀವಿ ಅಂದ್ರೆ ಬೇಡ. ಆ ಕೆಮಿಕಲ್ ಸಡಿಲಿಸಿದ ಕೊಳೆ ಹೋಗಿ ಕೂರೋದು ನಿಮ್ಮ ಕೈಗೆ ಸಿಗದ ಆ ಫಿಲ್ಟರಿನಲ್ಲೇ.

ಬೆಳಗಿನ ಒಂದು ಸೆಕೆಂಡ್ ತಡ ಆಯಿಲ್ ಬದಲಾದ ಮೇಲೆ ಕಡಿಮೆ ಆಗೋ ಸಾಧ್ಯತೆ ಇದೆ, ಮಾತು ಕೊಡಲ್ಲ. ಸೀಲ್ ಗಟ್ಟಿಯಾಗಿ ಪ್ರೆಷರ್ ಸೋರ್ತಿದ್ರೆ ಆಯಿಲ್‌ನಿಂದ ವಾಸಿಯಾಗಲ್ಲ. ಬಿಸಿಯಾದ ಮೇಲೂ ಜಾರೋಕ್ಕೆ ಶುರುವಾದ್ರೆ ಮನೆ ಕೆಲಸ ಬಿಟ್ಟು ಪ್ರೆಷರ್ ಟೆಸ್ಟ್ ಮಾಡಿಸಿ.

ಹಳೇ ಆಯಿಲನ್ನ ಹೊಸ ಆಯಿಲ್ ಖಾಲಿಯಾದ ಡಬ್ಬಗಳಿಗೇ ತುಂಬಿ ಮುಚ್ಚಿಟ್ಟು, ಡ್ರಮ್ಮಲ್ಲಿ ಕೂಡಿಟ್ಟು ಅಧಿಕೃತ ರೀಸೈಕ್ಲರಿಗೆ ಕೊಡೋ ಗ್ಯಾರೇಜಿಗೆ ಕೊಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಬೇಲಿ ಕಂಬಕ್ಕೆ ಬಳಿಯೋದು, ಕಳೆ ಸಾಯಲಿ ಅಂತ ಅಂಗಳಕ್ಕೆ ಸುರಿಯೋದು ದಯವಿಟ್ಟು ಬೇಡ. ನಮ್ಮ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರೇ ಎಷ್ಟೋ ಮನೆಗೆ ಕುಡಿಯೋ ನೀರು.

ಕ್ಯಾತ್ಸಂದ್ರ_ಕ್ರೆಟಾ:

ಸರಿ ಸಾರ್. ಎಸ್‌ಪಿ-4 ಐದು ಲೀಟರ್, ಡ್ರೈನಿಗೆ ಒಂದು ವಾಷರ್, ಇನ್ನೆರಡು ಸ್ಟ್ಯಾಂಡ್, ಓಬಿಡಿ ಅಡಾಪ್ಟರ್, ಪೈಪ್ ಆಲಿಕೆ, ಗೆರೆ ಇರೋ ಜಗ್ ತರ್ತೀನಿ. ಬೇರೆ ಏನಾದ್ರೂ ಬೇಕಾ?

ಸಿರಾಗೇಟ್_ಸ್ಪ್ಯಾನರ್:

ವಾಷರ್ ಒಂದಲ್ಲ, ಮೂರು. ಡ್ರೈನ್, ಲೆವೆಲ್, ಮೇಲಿನದು, ಮೂರಕ್ಕೂ ಹೊಸದು. ಪಾರ್ಟ್ಸ್ ಕೌಂಟರಲ್ಲಿ ಗಾಡಿಯ ಚಾಸಿ ನಂಬರ್ ಕೊಟ್ಟು ಕೇಳಿ. ಬಿ.ಎಚ್. ರಸ್ತೆಯಲ್ಲಿ ಸಿಗದಿದ್ರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಮೂರೂ ಕೈಗೆ ಬರೋವರೆಗೆ ಡ್ರೈನ್ ಬಿಚ್ಚಬೇಡಿ.